ಹೊಸ ಎ.ಎಂ. ಬಾನುಲಿ ಕೇಂದ್ರ: ಯಾವ ಸ್ವರೂಪ ಬದುಕಿಸೀತು?

1948ರ ಶರತ್ಕಾಲ. ಅಮೆರಿಕದ ಟೆನೆಸಿ ರಾಜ್ಯದ ಮೆಂಫಿಸ್ ನಗರದಲ್ಲಿ ಹಿಂದಿನ ವರ್ಷವಷ್ಟೇ ಆರಂಭವಾಗಿದ್ದ ಡಬ್ಲ್ಯು.ಡಿ.ಐ.ಎ. ಎಂಬ ಬಾನುಲಿ ಕೇಂದ್ರ ನಷ್ಟದಲ್ಲಿ ಮುಳುಗಿತ್ತು. ಅದರ ಪ್ರಸಾರ ಸಾಮರ್ಥ್ಯ ಕೇವಲ 250 ವ್ಯಾಟ್. ಅದೂ ಸೂರ್ಯಾಸ್ತದವರೆಗೆ ಮಾತ್ರ. ನಗರದ ಇತರ ಕೇಂದ್ರಗಳು ಕೊಡುತ್ತಿದ್ದ ಹಾಡುಗಳನ್ನೇ ಅದೂ ಕೊಡುತ್ತಿತ್ತು. ಹೀಗಾಗಿ ಕೇಳುಗರಿಗೆ ಆ ಕೇಂದ್ರಕ್ಕೆ ತಿರುಗಲು ಯಾವ ಕಾರಣವೂ ಇರಲಿಲ್ಲ. ಅದೇ ಅಕ್ಟೋಬರ್‌ನಲ್ಲಿ ಮಾಲೀಕರು ಒಂದು ನಿರ್ಧಾರ ಕೈಗೊಂಡರು. ಆರು ವರ್ಷಗಳ ತರುವಾಯ, 1954ರಲ್ಲಿ, ಅದೇ ಕೇಂದ್ರ 50,000 ವ್ಯಾಟ್ ಸಾಮರ್ಥ್ಯದ ಬಲಿಷ್ಠ ಕೇಂದ್ರವಾಗಿ ಬೆಳೆದಿತ್ತು. ಟ್ರಾನ್ಸ್‌ಮಿಟರ್ ಬದಲಾದದ್ದು ಆಮೇಲೆ. ಮೊದಲು ಬದಲಾದದ್ದು ಪ್ರಸಾರದ ಸ್ವರೂಪ, ಅಂದರೆ ಫಾರ್ಮ್ಯಾಟ್.

ಆ ನಿರ್ಧಾರ ಏನೆಂಬುದನ್ನು ಮುಂದೆ ನೋಡೋಣ. ಹೊಸದಾಗಿ ಎ.ಎಂ. ಕೇಂದ್ರವೊಂದನ್ನು ಕೈಗೆತ್ತಿಕೊಳ್ಳುವವರು ಇಂದಿಗೂ ಎದುರಿಸುವ ಮೊದಲ ಪ್ರಶ್ನೆ ಇದೇ. ಭಾರತದಲ್ಲಿ ಮಧ್ಯಮ ತರಂಗದ ಪ್ರಸಾರ ಆಕಾಶವಾಣಿಯ ಕೈಯಲ್ಲೇ ಇದ್ದು, ಖಾಸಗಿಯವರಿಗೆ ದೊರೆತಿರುವುದು ಎಫ್.ಎಂ. ಮಾತ್ರ. ಆದುದರಿಂದ ಸ್ಥಳೀಯ ಖಾಸಗಿ ಎ.ಎಂ. ಕೇಂದ್ರದ ಅನುಭವವನ್ನು ಅರಿಯಲು ಅಮೆರಿಕದತ್ತಲೇ ನೋಡಬೇಕಾಗುತ್ತದೆ. ಆದರೆ ಅಲ್ಲಿನ ಪಾಠಗಳು ನಮ್ಮ ಕೇಳುಗರಿಗೂ ಅಪರಿಚಿತವಲ್ಲ.

ಫಾರ್ಮ್ಯಾಟ್ ಎಂದರೇನು?

ಕೇಂದ್ರವೊಂದು ದಿನವಿಡೀ ಯಾವ ಬಗೆಯ ಕಾರ್ಯಕ್ರಮವನ್ನು, ಯಾವ ಕೇಳುಗರಿಗಾಗಿ, ಯಾವ ಕ್ರಮದಲ್ಲಿ ಬಿತ್ತರಿಸುತ್ತದೆ ಎಂಬುದರ ಒಟ್ಟು ಹೆಸರೇ ಫಾರ್ಮ್ಯಾಟ್. ಕೇವಲ ಸುದ್ದಿ, ಸಂವಾದ, ಕ್ರೀಡೆ, ಧಾರ್ಮಿಕ, ಹಳೆಯ ಹಾಡು, ಕಂಟ್ರಿ ಸಂಗೀತ, ಸ್ಪ್ಯಾನಿಷ್ ಭಾಷೆ ಇವು ಅಮೆರಿಕದಲ್ಲಿ ರೂಢಿಯಲ್ಲಿರುವ ಕೆಲವು ಫಾರ್ಮ್ಯಾಟ್‌ಗಳು. ಕೇಳುಗನು ಯಾವ ಗಳಿಗೆಯಲ್ಲಿ ರೇಡಿಯೋ ಹಚ್ಚಿದರೂ ತನಗೆ ಏನು ಸಿಗುತ್ತದೆ ಎಂಬುದು ಅವನಿಗೆ ಮೊದಲೇ ತಿಳಿದಿರಬೇಕು ಎಂಬುದು ಇದರ ಹಿಂದಿನ ತರ್ಕ.

ಈ ಆಯ್ಕೆಯಲ್ಲಿ ಅಲ್ಲಿನ ಸರ್ಕಾರ ತಲೆ ಹಾಕುವುದಿಲ್ಲ. ಫೆಡರಲ್ ಸಂವಹನ ಆಯೋಗವು ಫಾರ್ಮ್ಯಾಟ್ ಆಯ್ಕೆಯನ್ನು ಮಾರುಕಟ್ಟೆಗೆ ಬಿಟ್ಟ ನೀತಿಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 1981ರಲ್ಲಿ ಎತ್ತಿಹಿಡಿಯಿತು. ಅಂದರೆ ಲಾಭವೂ ನಷ್ಟವೂ ಸಂಪೂರ್ಣವಾಗಿ ಮಾಲೀಕನವೇ.

ಇಲ್ಲಿ 'ಹೊಸ ಕೇಂದ್ರ' ಎಂಬ ಮಾತನ್ನೂ ಸ್ವಲ್ಪ ಬಿಡಿಸಿ ಹೇಳಬೇಕು. 2004ರ ನಂತರ ಹೊಸ ಎ.ಎಂ. ಪರವಾನಗಿಗಳಿಗಾಗಿ ದೇಶವ್ಯಾಪಿಯಾಗಿ ದೊಡ್ಡ ಪ್ರಮಾಣದಲ್ಲಿ ಅರ್ಜಿ ಕರೆದಿಲ್ಲ. ಹಾಗಾಗಿ ಬಹುತೇಕ ಸಂದರ್ಭಗಳಲ್ಲಿ ಹೊಸಬರು ಮಾಡುವುದೆಂದರೆ ಸೊರಗಿದ ಅಥವಾ ಮೌನವಾಗಿರುವ ಹಳೆಯ ಕೇಂದ್ರವೊಂದನ್ನು ಕೊಂಡು ಅದಕ್ಕೆ ಹೊಸ ಜೀವ ತುಂಬುವುದು. ಹಿಂದಿನ ಮಾಲೀಕ ಯಾವ ಫಾರ್ಮ್ಯಾಟ್‌ನಿಂದ ಸೋತನೋ ಅದನ್ನೇ ಇನ್ನಷ್ಟು ಉತ್ಸಾಹದಿಂದ ಮಾಡಿದರೆ ಗೆಲುವು ಸಿಗದು.

ಮೊದಲ ಪ್ರಶ್ನೆ: ಧ್ವನಿ ಎಲ್ಲಿಗೆ ತಲುಪುತ್ತದೆ?

ಎ.ಎಂ. ತರಂಗದ ಸ್ವಭಾವ ಎಫ್.ಎಂ. ತರಂಗದಂತಲ್ಲ. ಹಗಲಿನಲ್ಲಿ ಅದು ನೆಲವನ್ನು ಹಿಡಿದು ಸಾಗುತ್ತದೆ. ಆವರ್ತಾಂಕ ಕಡಿಮೆಯಾದಷ್ಟೂ, ಮಣ್ಣಿನ ವಿದ್ಯುತ್ ವಾಹಕತೆ ಹೆಚ್ಚಾದಷ್ಟೂ ಅದು ದೂರ ಹೋಗುತ್ತದೆ. ಉತ್ತರ ಡಕೋಟಾದ ಬಿಸ್ಮಾರ್ಕ್‌ನಲ್ಲಿರುವ ಕೆ.ಎಫ್.ವೈ.ಆರ್. ಕೇಂದ್ರ ಕೇವಲ 5,000 ವ್ಯಾಟ್‌ನದು. ಆದರೆ 550 ಕಿಲೋಹರ್ಟ್ಸ್ ಎಂಬ ಕೆಳಗಿನ ಆವರ್ತಾಂಕ ಹಾಗೂ ಅಲ್ಲಿನ ಉತ್ತಮ ಮಣ್ಣಿನ ಕಾರಣದಿಂದ ಹಗಲಿನಲ್ಲಿ ಅದರ ವ್ಯಾಪ್ತಿ ಬೇರೆಡೆಯ 50,000 ವ್ಯಾಟ್ ಕೇಂದ್ರಗಳಿಗೆ ಸರಿಸಾಟಿ ಎನ್ನುವಷ್ಟಿದೆ.

ರಾತ್ರಿಯಾದೊಡನೆ ಚಿತ್ರ ಬದಲಾಗುತ್ತದೆ. ಹಗಲಿನಲ್ಲಿ ಮಧ್ಯಮ ತರಂಗವನ್ನು ಹೀರಿಕೊಳ್ಳುವ ಅಯಾನುಗೋಳದ ಕೆಳಪದರ ಸೂರ್ಯಾಸ್ತದ ನಂತರ ಕರಗುತ್ತದೆ. ಆಗ ತರಂಗಗಳು ಮೇಲಿನ ಪದರಗಳಿಂದ ಪ್ರತಿಫಲಿಸಿ ನೂರಾರು ಕಿಲೋಮೀಟರ್ ದೂರ ಬಂದಿಳಿಯುತ್ತವೆ. ರಾತ್ರಿ ಹೊತ್ತು ದೂರದ ಊರುಗಳ ಆಕಾಶವಾಣಿ ಕೇಂದ್ರಗಳು ನಮ್ಮ ಹಳೆಯ ರೇಡಿಯೋಗಳಲ್ಲಿ ಕೇಳಿಬರುತ್ತಿದ್ದುದು ಇದೇ ಕಾರಣಕ್ಕೆ. ಒಂದು ಕೇಂದ್ರ ಇನ್ನೊಂದರ ಮೇಲೆ ಬೀಳದಂತೆ ಅಮೆರಿಕದ ಅನೇಕ ಕೇಂದ್ರಗಳು ರಾತ್ರಿ ಸಾಮರ್ಥ್ಯ ತಗ್ಗಿಸಬೇಕು, ಕೆಲವು ಪ್ರಸಾರವನ್ನೇ ನಿಲ್ಲಿಸಬೇಕು.

ಸಣ್ಣ ಊರುಗಳಿಗೆಂದು ಮೀಸಲಾದ 1230, 1240, 1340, 1400, 1450 ಮತ್ತು 1490 ಕಿಲೋಹರ್ಟ್ಸ್ ಎಂಬ ಆರು 'ಸ್ಥಳೀಯ' ಆವರ್ತಾಂಕಗಳಲ್ಲಿ ಒಂದೊಂದರಲ್ಲೂ ನೂರಕ್ಕೂ ಹೆಚ್ಚು ಕೇಂದ್ರಗಳು ಕಿಕ್ಕಿರಿದಿವೆ. ಇವುಗಳ ಗರಿಷ್ಠ ಸಾಮರ್ಥ್ಯ 1,000 ವ್ಯಾಟ್. ರಾತ್ರಿ ಹೊತ್ತಿನಲ್ಲಿ ಊರಿನ ಗಡಿ ದಾಟುವಷ್ಟರಲ್ಲಿ ಇವುಗಳ ಧ್ವನಿ ಇತರ ಕೇಂದ್ರಗಳ ಗದ್ದಲದಲ್ಲಿ ಲೀನವಾಗುತ್ತದೆ.

ಇದರಿಂದ ಫಾರ್ಮ್ಯಾಟ್‌ಗೆ ಆಗುವ ಪರಿಣಾಮವೇನು? ಹಗಲಿನಲ್ಲಿ ಮಾತ್ರ ಚೆನ್ನಾಗಿ ಕೇಳಿಸುವ ಕೇಂದ್ರ ರಾತ್ರಿಯ ಪಂದ್ಯಗಳನ್ನೇ ನೆಚ್ಚಿದ ಕ್ರೀಡಾ ಫಾರ್ಮ್ಯಾಟ್ ಆರಿಸಿಕೊಂಡರೆ ಜಾಹೀರಾತುದಾರ ಕೊಂಡ ಸಮಯ ಕೇಳುಗರನ್ನೇ ತಲುಪದು. ಚಳಿಗಾಲದಲ್ಲಿ ಸೂರ್ಯ ಬೇಗ ಮುಳುಗುವ ಉತ್ತರದ ರಾಜ್ಯಗಳಲ್ಲಿ ಸಂಜೆ ಮನೆಗೆ ಮರಳುವವರ ಹೊತ್ತೂ ಕೈತಪ್ಪುತ್ತದೆ. ಆದುದರಿಂದ ಕೊಳ್ಳುವ ಮುನ್ನ ವ್ಯಾಪ್ತಿಯ ನಕ್ಷೆಯನ್ನು ನೋಡಿದರೆ ಸಾಲದು. ಕಾರಿನಲ್ಲಿ ಕುಳಿತು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಹೊತ್ತೂ ಊರೆಲ್ಲ ಸುತ್ತಿ ಕೇಳಬೇಕು. ನಕ್ಷೆಯಲ್ಲಿ ಕಾಣದ ವಿದ್ಯುತ್ ತಂತಿಗಳ ಗೊರಗೊರ ಸದ್ದು ಆಗ ಕೇಳಿಸುತ್ತದೆ.

ಸಂಗೀತ ಕೈಬಿಟ್ಟ ಕಥೆ

ಎ.ಎಂ. ಕೇಂದ್ರ ಕೊಳ್ಳುವ ಬಹುತೇಕ ಹವ್ಯಾಸಿಗಳು ಮೊದಲು ಯೋಚಿಸುವುದು ತಮಗೆ ಪ್ರಿಯವಾದ ಹಾಡುಗಳನ್ನು ಕುರಿತು. ಇತಿಹಾಸವನ್ನು ಗಮನಿಸಿದರೆ ಈ ಆಸೆಗೆ ಕಾರಣವೂ ಇದೆ, ಎಚ್ಚರಿಕೆಯೂ ಇದೆ.

1950ರ ದಶಕದ ಆರಂಭದಲ್ಲಿ ಟೆಲಿವಿಷನ್ ಬಂದು ರೇಡಿಯೋದ ನಾಟಕ, ಧಾರಾವಾಹಿಗಳನ್ನು ಕಸಿದುಕೊಂಡಿತು. ಆಗ ನೆಬ್ರಾಸ್ಕಾದ ಒಮಾಹಾ ನಗರದ ಕೆ.ಒ.ಡಬ್ಲ್ಯು.ಎಚ್. ಎಂಬ ಹಗಲು ಕೇಂದ್ರದ ಯುವ ಮಾಲೀಕ ಟಾಡ್ ಸ್ಟಾರ್ಜ್ ಜನಪ್ರಿಯ ಹಾಡುಗಳ ಚಿಕ್ಕ ಪಟ್ಟಿಯನ್ನೇ ಮತ್ತೆ ಮತ್ತೆ ನುಡಿಸುವ ಪದ್ಧತಿ ತಂದರು. ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿ ಕೆ.ಎಲ್.ಐ.ಎಫ್. ಕೇಂದ್ರದ ಗಾರ್ಡನ್ ಮೆಕ್ಲೆಂಡನ್ ಅದಕ್ಕೆ ಸ್ಪರ್ಧೆ, ಬಹುಮಾನ, ಚುರುಕಾದ ಸುದ್ದಿಗಳನ್ನು ಜೋಡಿಸಿದರು. 'ಟಾಪ್ 40' ಎಂದು ಹೆಸರಾದ ಈ ಫಾರ್ಮ್ಯಾಟ್ ಎರಡು ದಶಕ ಎ.ಎಂ. ಕೇಂದ್ರಗಳಿಗೆ ಹಣದ ಹೊಳೆ ಹರಿಸಿತು.

ಆದರೆ ಎಫ್.ಎಂ. ಪ್ರಸಾರದಲ್ಲಿ 1961ರಲ್ಲಿ ಸ್ಟೀರಿಯೋಗೆ ಒಪ್ಪಿಗೆ ದೊರೆಯಿತು. ಎ.ಎಂ. ಸ್ಟೀರಿಯೋದ ವಿಷಯದಲ್ಲಿ ಆಯೋಗ 1982ರಲ್ಲಿ ಯಾವುದೇ ಒಂದು ತಂತ್ರವನ್ನು ಆರಿಸದೆ ಮಾರುಕಟ್ಟೆಗೆ ಬಿಟ್ಟಿತು. 1993ರಲ್ಲಿ ಒಂದು ಮಾನದಂಡ ನಿಗದಿಯಾಗುವ ಹೊತ್ತಿಗೆ ಕೇಳುಗರು ದೂರ ಸರಿದಿದ್ದರು. 1970ರ ದಶಕದ ಕೊನೆಗೇ ಎಫ್.ಎಂ. ಕೇಳುಗರ ಸಂಖ್ಯೆಯಲ್ಲಿ ಎ.ಎಂ. ಅನ್ನು ಹಿಂದಿಕ್ಕಿತ್ತು. ನ್ಯೂಯಾರ್ಕ್‌ನ ಸುಪ್ರಸಿದ್ಧ ಸಂಗೀತ ಕೇಂದ್ರ ಡಬ್ಲ್ಯು.ಎ.ಬಿ.ಸಿ. 1982ರ ಮೇ ತಿಂಗಳಲ್ಲಿ ಹಾಡುಗಳನ್ನು ನಿಲ್ಲಿಸಿ ಸಂವಾದಕ್ಕೆ ತಿರುಗಿತು.

ಹೀಗಾಗಿ ಊರಿನ ಎಫ್.ಎಂ. ಕೇಂದ್ರ ನುಡಿಸುತ್ತಿರುವ ಹಾಡನ್ನೇ ಎ.ಎಂ.ನಲ್ಲಿ ನುಡಿಸುವುದು ಕೈಲಾಗದ ಸ್ಪರ್ಧೆ. ಗ್ರಾಹಕ ಯಂತ್ರಗಳು ಎ.ಎಂ. ಧ್ವನಿಯ ಮೇಲಿನ ಸ್ವರಗಳನ್ನು ಕತ್ತರಿಸುತ್ತವೆ. ಮಿಂಚು, ಎಲ್‌ಇಡಿ ದೀಪ, ಮೋಟಾರುಗಳ ಸದ್ದು ಸೇರಿಕೊಳ್ಳುತ್ತದೆ. ಮನುಷ್ಯನ ಮಾತು ಮಾತ್ರ ಈ ಕಿರಿದಾದ ಕೊಳವೆಯಲ್ಲೂ ಸ್ಪಷ್ಟವಾಗಿ ಹಾದುಹೋಗುತ್ತದೆ. ಯಾವ ಎಫ್.ಎಂ. ಕೇಂದ್ರವೂ ಮುಟ್ಟದ ಹಾಡುಗಳಾದರೆ, ಉದಾಹರಣೆಗೆ ತುಂಬ ಹಳೆಯ ಹಾಡುಗಳು ಅಥವಾ ಬೇರೆ ಭಾಷೆಯ ಹಾಡುಗಳಾದರೆ, ಕೇಳುಗ ಗೊರಗೊರ ಸದ್ದನ್ನೂ ಸಹಿಸಿಕೊಳ್ಳುತ್ತಾನೆ. ಏಕೆಂದರೆ ಅವನಿಗೆ ಬೇರೆ ಗತಿಯಿಲ್ಲ.

ಎರಡನೆಯ ಪ್ರಶ್ನೆ: ಯಾರಿಗೆ ಬೇರೆ ಗತಿಯಿಲ್ಲ?

ಮೆಂಫಿಸ್‌ನ ಡಬ್ಲ್ಯು.ಡಿ.ಐ.ಎ. ಗೆದ್ದದ್ದು ಇಲ್ಲಿಯೇ. ನಗರದ ಜನಸಂಖ್ಯೆಯಲ್ಲಿ ಸುಮಾರು ಐದರಲ್ಲಿ ಎರಡು ಪಾಲು ಕರಿಯರಿದ್ದರೂ ಅವರಿಗಾಗಿ ಯಾವ ಕೇಂದ್ರವೂ ಇರಲಿಲ್ಲ. ಬಿಳಿಯ ಮಾಲೀಕರಾದ ಬರ್ಟ್ ಫರ್ಗುಸನ್ ಮತ್ತು ಜಾನ್ ಪೆಪ್ಪರ್ 1948ರ ಅಕ್ಟೋಬರ್‌ನಲ್ಲಿ ನ್ಯಾಟ್ ಡಿ. ವಿಲಿಯಮ್ಸ್ ಎಂಬ ಕರಿಯ ಶಾಲಾ ಶಿಕ್ಷಕ ಹಾಗೂ ಪತ್ರಿಕಾ ಅಂಕಣಕಾರರನ್ನು ಮೈಕಿನ ಮುಂದೆ ಕೂರಿಸಿದರು. ವರ್ಣಭೇದ ಕಾನೂನಾಗಿದ್ದ ದಕ್ಷಿಣದಲ್ಲಿ ಇದು ಸಣ್ಣ ಮಾತಾಗಿರಲಿಲ್ಲ. ಬೆದರಿಕೆಗಳು ಬಂದವು. ಮಾಲೀಕರು ಹಿಂದೆಗೆಯಲಿಲ್ಲ. 1949ರಲ್ಲಿ ಇಡೀ ದಿನದ ಪ್ರಸಾರ ಕರಿಯ ಕೇಳುಗರಿಗೇ ಮೀಸಲಾಯಿತು. ಅಮೆರಿಕದಲ್ಲಿ ಅಂಥ ಮೊದಲ ಕೇಂದ್ರ ಇದೇ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಆ ಕೇಂದ್ರ ಕೇವಲ ಹಾಡುಗಳನ್ನು ಬದಲಿಸಲಿಲ್ಲ. ಕಳೆದುಹೋದ ವಸ್ತುಗಳ ಪ್ರಕಟಣೆ, ಸಂಘ-ಸಂಸ್ಥೆಗಳ ಸಭೆಯ ಸುದ್ದಿ, ಚರ್ಚಿನ ಗಾಯನ ಎಲ್ಲವೂ ಅಲ್ಲಿ ಜಾಗ ಪಡೆದವು. ಮುಂದೆ ಬ್ಲೂಸ್ ಸಂಗೀತದ ದಿಗ್ಗಜರೆನಿಸಿದ ಬಿ.ಬಿ. ಕಿಂಗ್ ಅಲ್ಲಿಯೇ ನಿರೂಪಕರಾಗಿ ದುಡಿದರು. ಹಿಟ್ಟು, ಸಾಬೂನು, ಔಷಧಿ ಮಾರುವ ಕಂಪನಿಗಳು ತಾವು ಅದುವರೆಗೆ ಕಡೆಗಣಿಸಿದ್ದ ಗ್ರಾಹಕರನ್ನು ಈ ಕೇಂದ್ರದ ಮೂಲಕ ತಲುಪಿದವು.

ಇದೇ ಜಾಡಿನಲ್ಲಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿ ರಾವುಲ್ ಕೋರ್ಟೆಸ್ 1946ರಲ್ಲಿ ಕೆ.ಸಿ.ಒ.ಆರ್. ಕೇಂದ್ರವನ್ನು ಪೂರ್ಣಾವಧಿಯ ಸ್ಪ್ಯಾನಿಷ್ ಕೇಂದ್ರವಾಗಿ ಆರಂಭಿಸಿದ್ದರು. ದಕ್ಷಿಣ ಏಷ್ಯಾದ ವಲಸಿಗರ ಸರದಿ ತಡವಾಗಿ ಬಂತು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಕೆ.ಎಲ್.ಒ.ಕೆ. ಕೇಂದ್ರ 2009ರಲ್ಲಿ 'ದೇಸಿ 1170' ಎಂಬ ಹೆಸರಿನಲ್ಲಿ ಭಾರತೀಯ ಮೂಲದ ಕೇಳುಗರತ್ತ ತಿರುಗಿತು. ಕೆನಡಾ ಗಡಿಯಂಚಿನ ವಾಷಿಂಗ್ಟನ್ ರಾಜ್ಯದ ಎ.ಎಂ. ಕೇಂದ್ರಗಳು ವ್ಯಾಂಕೂವರ್ ಪ್ರದೇಶದ ಪಂಜಾಬಿ ಕೇಳುಗರಿಗಾಗಿಯೇ ಪ್ರಸಾರ ಮಾಡಿದವು. ಕಾರ್ಯಕ್ರಮ ಕೆನಡಾದಲ್ಲಿ ತಯಾರಾಗಿ, ಪರವಾನಗಿಯಿಲ್ಲದೆ ಅಮೆರಿಕದ ಗೋಪುರದಿಂದ ಹೊಮ್ಮುತ್ತಿದ್ದುದರಿಂದ 2014ರಲ್ಲಿ ಕೆನಡಾದ ಪ್ರಸಾರ ನಿಯಂತ್ರಕರು ಮಧ್ಯಪ್ರವೇಶಿಸಬೇಕಾಯಿತು. ಕಡೆಗಣಿತ ಕೇಳುಗರಿದ್ದೆಡೆ ದುರ್ಬಲ ಎ.ಎಂ. ತರಂಗಕ್ಕೂ ಎಷ್ಟು ಬೆಲೆ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಆದರೆ ಸಮುದಾಯದ ಗಾತ್ರವನ್ನೂ ನೋಡಬೇಕು. ಕನ್ನಡಿಗರಂಥ ಚಿಕ್ಕ ವಲಸಿಗ ಸಮುದಾಯವೊಂದು ಅಮೆರಿಕದ ಒಂದು ನಗರದಲ್ಲಿ 24 ಗಂಟೆಯ ಕೇಂದ್ರವನ್ನು ಸಾಕಲಾರದು. ವಾರಕ್ಕೊಂದು ಗಂಟೆಯನ್ನು ಕೊಂಡು ನಡೆಸಬಲ್ಲದು. ಅಂಥ ಹಲವು ಸಮುದಾಯಗಳ ಗಂಟೆಗಳನ್ನು ಜೋಡಿಸಿಯೇ ಬಹುಭಾಷಾ ಕೇಂದ್ರಗಳು ನಡೆಯುತ್ತವೆ.

ಮೂರನೆಯ ಪ್ರಶ್ನೆ: ಯಾರು ಹಣ ಕೊಡುತ್ತಾರೆ?

ಕೇಳುಗರಿದ್ದ ಮಾತ್ರಕ್ಕೆ ಕೇಂದ್ರ ಉಳಿಯದು. ಪ್ರಮುಖ ಫಾರ್ಮ್ಯಾಟ್‌ಗಳ ಆದಾಯ ಮತ್ತು ವೆಚ್ಚದ ಬಗೆ ಹೀಗಿದೆ.

ಕೇವಲ ಸುದ್ದಿ: ನ್ಯೂಯಾರ್ಕ್‌ನ ಡಬ್ಲ್ಯು.ಐ.ಎನ್.ಎಸ್. 1965ರ ಏಪ್ರಿಲ್‌ನಲ್ಲಿ ರಾಕ್ ಸಂಗೀತ ಬಿಟ್ಟು ದಿನವಿಡೀ ಸುದ್ದಿಗೆ ತಿರುಗಿ ಯಶಸ್ವಿಯಾಯಿತು. ಆದರೆ ವರದಿಗಾರರು, ಸಂಪಾದಕರು, ವಾಚಕರು ಎಂದು ದೊಡ್ಡ ಪಡೆ ಬೇಕಾದ ಕಾರಣ ಇದು ಮಹಾನಗರಗಳಿಗೆ ಮಾತ್ರ ಎಟುಕುವ ಫಾರ್ಮ್ಯಾಟ್. ಅಲ್ಲಿಯೂ ಸಂಕಷ್ಟ ತಪ್ಪಿಲ್ಲ. 1967ರಿಂದ ಸುದ್ದಿ ಕೇಂದ್ರವಾಗಿದ್ದ ನ್ಯೂಯಾರ್ಕ್‌ನ ಡಬ್ಲ್ಯು.ಸಿ.ಬಿ.ಎಸ್. 880 ತನ್ನ ಸುದ್ದಿ ಸೇವೆಯನ್ನು 2024ರ ಆಗಸ್ಟ್‌ನಲ್ಲಿ ಕೊನೆಗೊಳಿಸಿತು.

ಸಂವಾದ: ವಿವಾದಾತ್ಮಕ ವಿಷಯಗಳಲ್ಲಿ ಎರಡೂ ಕಡೆಗೆ ಅವಕಾಶ ನೀಡಬೇಕೆಂಬ ನಿಯಮ 1987ರಲ್ಲಿ ರದ್ದಾಯಿತು. ಮರುವರ್ಷ ರಷ್ ಲಿಂಬಾ ಅವರ ಸಂವಾದ ಕಾರ್ಯಕ್ರಮ ದೇಶವ್ಯಾಪಿಯಾಯಿತು. ಇಂಥ ಸಿದ್ಧ ಕಾರ್ಯಕ್ರಮಗಳಿಗೆ ಸಣ್ಣ ಕೇಂದ್ರ ಹಣದ ಬದಲು ಕೆಲವು ಜಾಹೀರಾತು ನಿಮಿಷಗಳನ್ನೇ ಬಿಟ್ಟುಕೊಡುವ ವಿನಿಮಯ ಪದ್ಧತಿ ಇದೆ. ವೆಚ್ಚ ಕಡಿಮೆ. ಆದರೆ ಅದೇ ಕಾರ್ಯಕ್ರಮ ನೆರೆಯ ದೊಡ್ಡ ಕೇಂದ್ರದಲ್ಲೂ ಅಂತರ್ಜಾಲದಲ್ಲೂ ಸಿಗುವಾಗ ಊರಿನ ಕೇಂದ್ರಕ್ಕೆ ಉಳಿಯುವ ವಿಶೇಷವೇನು ಎಂಬ ಪ್ರಶ್ನೆ ಏಳುತ್ತದೆ.

ಕ್ರೀಡೆ: 1987ರ ಜುಲೈ 1ರಂದು ನ್ಯೂಯಾರ್ಕ್‌ನಲ್ಲಿ ಆರಂಭವಾದ ಡಬ್ಲ್ಯು.ಎಫ್.ಎ.ಎನ್. ದಿನವಿಡೀ ಕ್ರೀಡೆ ಎಂಬ ಕಲ್ಪನೆಗೆ ದಾರಿ ತೋರಿತು. ಗಂಡಸರನ್ನೇ ಗುರಿಯಾಗಿಸಿಕೊಂಡ ಜಾಹೀರಾತುದಾರರಿಗೆ ಇದು ಅಚ್ಚುಮೆಚ್ಚು. ದೊಡ್ಡ ತಂಡಗಳ ಪ್ರಸಾರ ಹಕ್ಕು ಮಾತ್ರ ದುಬಾರಿ.

ಧಾರ್ಮಿಕ ಮತ್ತು ಸಮಯ ಮಾರಾಟ: ಅರ್ಧ ಗಂಟೆ, ಒಂದು ಗಂಟೆಯ ಅವಧಿಗಳನ್ನು ಧರ್ಮಬೋಧಕರಿಗೆ, ಭಾಷಾ ಸಮುದಾಯಗಳಿಗೆ ಮಾರುವುದು. ಕೇಳುಗರ ಸಂಖ್ಯೆಯ ಸಮೀಕ್ಷೆಯ ಗೊಡವೆಯಿಲ್ಲದೆ ತಿಂಗಳ ಹಣ ಮೊದಲೇ ಕೈಸೇರುತ್ತದೆ. ಎ.ಎಂ. ಜಗತ್ತಿನಲ್ಲಿ ಇದು ಅತ್ಯಂತ ಸುರಕ್ಷಿತ ಆದಾಯ. ಆದರೆ ಕೇಂದ್ರಕ್ಕೆ ತನ್ನದೇ ಆದ ಮುಖ ಉಳಿಯುವುದಿಲ್ಲ.

ಸಂಗೀತ: ಕಂಪ್ಯೂಟರ್ ನೆರವಿನಿಂದ ಒಬ್ಬಿಬ್ಬರೇ ನಡೆಸಬಹುದು. ಅಮೆರಿಕದಲ್ಲಿ ಬಾನುಲಿ ಕೇಂದ್ರಗಳು ಪ್ರಸಾರಕ್ಕಾಗಿ ಗೀತರಚನೆಕಾರರಿಗೆ ಸಂಭಾವನೆ ಕೊಡಬೇಕೇ ಹೊರತು ಗಾಯಕರಿಗಲ್ಲ. ಆದರೆ ಅದೇ ಹಾಡನ್ನು ಅಂತರ್ಜಾಲದಲ್ಲಿ ಹರಿಯಬಿಟ್ಟರೆ ಗಾಯಕರಿಗೂ ಧ್ವನಿಮುದ್ರಣ ಸಂಸ್ಥೆಗೂ ಪ್ರತ್ಯೇಕ ಶುಲ್ಕ ತೆರಬೇಕು. ಈ ಲೆಕ್ಕವನ್ನು ಮರೆತು ನಷ್ಟಕ್ಕೆ ಸಿಲುಕುವ ಅಪಾಯ ಹೊಸಬರಿಗಿದೆ.

ಚಿಕ್ಕ ಊರಿನ ಮಾದರಿ

ಇವೆಲ್ಲಕ್ಕಿಂತ ಹಳೆಯದಾದ ಇನ್ನೊಂದು ಫಾರ್ಮ್ಯಾಟ್ 'ಪೂರ್ಣ ಸೇವೆ'. ಬೆಳಿಗ್ಗೆ ಊರಿನ ಸುದ್ದಿ, ಹವಾಮಾನ, ಶಾಲೆಗೆ ರಜೆಯ ಪ್ರಕಟಣೆ. ಮಧ್ಯಾಹ್ನ ಧಾನ್ಯ ಮತ್ತು ದನಕರುಗಳ ಮಾರುಕಟ್ಟೆ ದರ. ಸಾವಿನ ಸುದ್ದಿ, ಅಂತ್ಯಕ್ರಿಯೆಯ ಸಮಯ. ಕೇಳುಗರು ಫೋನ್ ಮಾಡಿ ಹಳೆಯ ಟ್ರ್ಯಾಕ್ಟರ್, ನಾಯಿಮರಿ, ಕುರ್ಚಿಗಳನ್ನು ಮಾರುವ, ಕೊಳ್ಳುವ ಕಾರ್ಯಕ್ರಮ. ಶುಕ್ರವಾರ ಸಂಜೆ ಪ್ರೌಢಶಾಲೆಯ ಫುಟ್‌ಬಾಲ್ ಪಂದ್ಯದ ನೇರ ವಿವರಣೆ. ನಡುನಡುವೆ ಹಾಡು. ಮಹಾನಗರದ ಕೇಳುಗರಿಗೆ ಇದು ನಗೆಪಾಟಲಾಗಿ ಕಂಡೀತು. ಆದರೆ ಈ ಯಾವ ವಿಷಯವನ್ನೂ ಉಪಗ್ರಹ ರೇಡಿಯೋ ಆಗಲೀ ಮೊಬೈಲ್‌ನ ಸಂಗೀತ ಸೇವೆಯಾಗಲೀ ಕೊಡಲಾರದು.

ಉದಾಹರಣೆಗೆ 15,000 ಜನರ ಊರೊಂದನ್ನು, 1,000 ವ್ಯಾಟ್‌ನ ಒಂದು ಕೇಂದ್ರವನ್ನು ಕಲ್ಪಿಸಿಕೊಳ್ಳಿ. ಗಂಟೆಗೆ 10 ಜಾಹೀರಾತಿನಂತೆ ಹಗಲಿನ 12 ಗಂಟೆಗೆ 120 ಜಾಗಗಳು. ಅರ್ಧದಷ್ಟು ಮಾರಾಟವಾಗಿ, ಲೆಕ್ಕದ ಅನುಕೂಲಕ್ಕೆ ಒಂದಕ್ಕೆ 5 ಡಾಲರ್ ಎಂದು ಹಿಡಿದರೆ ದಿನಕ್ಕೆ 300 ಡಾಲರ್. ತಿಂಗಳಿಗೆ 26 ದಿನದಂತೆ 7,800 ಡಾಲರ್. ಇದರಲ್ಲಿ ವಿದ್ಯುತ್, ಗೋಪುರದ ನಿರ್ವಹಣೆ, ಸಂಗೀತ ಶುಲ್ಕ, ವಿಮೆ ಕಳೆದರೆ ಉಳಿಯುವುದು ಒಬ್ಬಿಬ್ಬರ ಸಂಬಳಕ್ಕೆ ಸಾಕಾದೀತು. ಆದುದರಿಂದ ಇಂಥ ಕೇಂದ್ರದಲ್ಲಿ ಬೆಳಿಗ್ಗೆ ಮೈಕಿನ ಮುಂದೆ ಕೂರುವವನೇ ಮಧ್ಯಾಹ್ನ ಅಂಗಡಿ ಅಂಗಡಿಗೆ ಹೋಗಿ ಜಾಹೀರಾತು ತರಬೇಕು. ಔಷಧಿ ಅಂಗಡಿಯವನು, ವಿಮಾ ಏಜೆಂಟ್, ಟ್ರ್ಯಾಕ್ಟರ್ ಮಾರುವವನು ಇವರು ಸಮೀಕ್ಷೆಯ ಅಂಕಿಗಳನ್ನು ಕೇಳುವುದಿಲ್ಲ. ಮಗ ಆಡಿದ ಪಂದ್ಯವನ್ನು ಕೇಂದ್ರ ಪ್ರಸಾರ ಮಾಡಿತೇ ಎಂದು ಕೇಳುತ್ತಾರೆ.

ಇನ್ನೊಂದು ಲೆಕ್ಕವನ್ನೂ ಮರೆಯುವಂತಿಲ್ಲ. 1,000 ಕಿಲೋಹರ್ಟ್ಸ್‌ನಲ್ಲಿ ತರಂಗದ ಉದ್ದ 300 ಮೀಟರ್. ಅದರ ಕಾಲು ಭಾಗ, ಅಂದರೆ 75 ಮೀಟರ್ ಎತ್ತರದ ಗೋಪುರವೂ, ಅದರ ಸುತ್ತ ನೆಲದಡಿ ಹರಡಿದ ತಾಮ್ರದ ತಂತಿಗಳಿಗೆ ವಿಶಾಲ ಜಮೀನೂ ಬೇಕು. ಊರು ಬೆಳೆದಂತೆ ಕೇಂದ್ರಕ್ಕಿಂತ ಆ ಜಮೀನಿಗೇ ಹೆಚ್ಚು ಬೆಲೆ ಬರುತ್ತದೆ. ರಾಜಧಾನಿ ವಾಷಿಂಗ್ಟನ್ ಬಳಿಯ ಬೆಥೆಸ್ಡಾದಲ್ಲಿ ಡಬ್ಲ್ಯು.ಎಂ.ಎ.ಎಲ್. ಕೇಂದ್ರದ ಸುಮಾರು 75 ಎಕರೆ ಜಾಗ ಮನೆಗಳ ನಿರ್ಮಾಣಕ್ಕೆ ಮಾರಾಟವಾಗಿ, ಗೋಪುರಗಳನ್ನು 2020ರಲ್ಲಿ ಉರುಳಿಸಲಾಯಿತು.

ಮೈನಾಟ್ ಕಲಿಸಿದ ಪಾಠ

ಫಾರ್ಮ್ಯಾಟ್ ಕೇವಲ ವ್ಯಾಪಾರದ ಮಾತಲ್ಲ ಎಂಬುದಕ್ಕೆ ಉತ್ತರ ಡಕೋಟಾದ ಮೈನಾಟ್ ಪಟ್ಟಣದ ಪ್ರಕರಣವನ್ನು ಅಮೆರಿಕದಲ್ಲಿ ಮತ್ತೆ ಮತ್ತೆ ಉಲ್ಲೇಖಿಸಲಾಗುತ್ತದೆ. 2002ರ ಜನವರಿ 18ರ ನಡುರಾತ್ರಿಯ ನಂತರ ಅಲ್ಲಿ ರೈಲೊಂದು ಹಳಿ ತಪ್ಪಿ ವಿಷಕಾರಿ ಅಮೋನಿಯಾ ಅನಿಲ ಊರಿನ ಮೇಲೆ ಹರಡಿತು. ಒಬ್ಬರು ಮೃತಪಟ್ಟು ನೂರಾರು ಮಂದಿ ಅಸ್ವಸ್ಥರಾದರು. ಊರಿನ ಆರೂ ವಾಣಿಜ್ಯ ರೇಡಿಯೋ ಕೇಂದ್ರಗಳು ಆಗ ಕ್ಲಿಯರ್ ಚಾನೆಲ್ ಎಂಬ ಒಂದೇ ಕಂಪನಿಯ ಒಡೆತನದಲ್ಲಿದ್ದವು. ಕೇಂದ್ರಕ್ಕೆ ಮಾಡಿದ ಕರೆಗಳಿಗೆ ಉತ್ತರ ಸಿಗಲಿಲ್ಲ ಎಂದು ಪೊಲೀಸರು ಹೇಳಿದರೆ, ತುರ್ತು ಸಂದೇಶ ವ್ಯವಸ್ಥೆಯನ್ನು ಅಧಿಕಾರಿಗಳು ಸರಿಯಾಗಿ ಬಳಸಲಿಲ್ಲ ಎಂದು ಕಂಪನಿ ಹೇಳಿತು. ತಪ್ಪು ಯಾರದೇ ಆಗಿರಲಿ, ಮನೆಯೊಳಗೆ ಇರಬೇಕೋ ಹೊರಗೆ ಓಡಬೇಕೋ ತಿಳಿಯದೆ ರೇಡಿಯೋ ಹಚ್ಚಿದವರಿಗೆ ಆ ರಾತ್ರಿ ಸಕಾಲಕ್ಕೆ ಮಾರ್ಗದರ್ಶನ ಸಿಗಲಿಲ್ಲ.

ಮನುಷ್ಯರೇ ಇಲ್ಲದೆ ನಡೆಯುವ ಫಾರ್ಮ್ಯಾಟ್ ಅಗ್ಗವಾಗಿರಬಹುದು. ಆದರೆ ಊರಿಗೆ ಆಪತ್ತು ಬಂದ ದಿನ ಬಾಯಿ ತೆರೆಯದ ಕೇಂದ್ರ ತನ್ನ ಅಸ್ತಿತ್ವದ ಬಲವಾದ ಕಾರಣವನ್ನೇ ಕಳೆದುಕೊಳ್ಳುತ್ತದೆ.

ಎಫ್.ಎಂ. ಆಸರೆ, ಕಾರಿನ ಆತಂಕ

ಇತ್ತೀಚಿನ ವರ್ಷಗಳಲ್ಲಿ ಎ.ಎಂ. ಕೇಂದ್ರಗಳಿಗೆ ಕೆಲವು ಊರುಗೋಲುಗಳು ದೊರೆತಿವೆ. 2009ರಲ್ಲಿ ಆಯೋಗವು ಎ.ಎಂ. ಕೇಂದ್ರಗಳು ತಮ್ಮ ಕಾರ್ಯಕ್ರಮವನ್ನು ಟ್ರಾನ್ಸ್‌ಲೇಟರ್ ಎಂಬ ಚಿಕ್ಕ ಎಫ್.ಎಂ. ಮರುಪ್ರಸಾರಕಗಳ ಮೂಲಕವೂ ಬಿತ್ತರಿಸಲು ಅನುಮತಿಸಿತು. ಇವುಗಳ ಗರಿಷ್ಠ ಸಾಮರ್ಥ್ಯ 250 ವ್ಯಾಟ್. 2015ರಲ್ಲಿ ಎ.ಎಂ. ಪುನಶ್ಚೇತನದ ಆದೇಶ ಹೊರಬಿತ್ತು. ಈ ಪುನಶ್ಚೇತನಕ್ಕಾಗಿ 2012ರಿಂದಲೂ ದನಿಯೆತ್ತಿದ್ದವರಲ್ಲಿ ಪ್ರಮುಖರು ಆಯೋಗದ ಸದಸ್ಯರಾಗಿದ್ದು 2017ರಲ್ಲಿ ಅಧ್ಯಕ್ಷರಾದ ಅಜಿತ್ ಪೈ. ಭಾರತದಿಂದ ವಲಸೆ ಹೋದ ವೈದ್ಯ ದಂಪತಿಯ ಪುತ್ರರಾದ ಅವರು ಕನ್ಸಾಸ್‌ನ ಪಾರ್ಸನ್ಸ್ ಎಂಬ ಚಿಕ್ಕ ಊರಿನಲ್ಲಿ ಬೆಳೆದವರು. ಅವರ ತಾಯಿ ಬೆಂಗಳೂರಿನಲ್ಲಿ ಬೆಳೆದವರು. ಕೇಂದ್ರಗಳು ತಮ್ಮ ಊರಿನಲ್ಲೇ ಮುಖ್ಯ ಸ್ಟುಡಿಯೋ ಹೊಂದಿರಬೇಕೆಂಬ ನಿಯಮ ರದ್ದಾದದ್ದೂ ಅವರ ಅವಧಿಯಲ್ಲೇ, 2017ರಲ್ಲಿ. 2020ರಲ್ಲಿ ಸಂಪೂರ್ಣ ಡಿಜಿಟಲ್ ಎ.ಎಂ. ಪ್ರಸಾರಕ್ಕೂ ಒಪ್ಪಿಗೆ ದೊರೆಯಿತು. ಆದರೆ ಹಳೆಯ ರೇಡಿಯೋಗಳಲ್ಲಿ ಅದು ಕೇಳಿಸದು.

ಟ್ರಾನ್ಸ್‌ಲೇಟರ್ ಸಿಕ್ಕ ಕೇಂದ್ರಕ್ಕೆ ಸಂಗೀತದ ಬಾಗಿಲು ಮತ್ತೆ ಅರ್ಧ ತೆರೆದಂತೆ. ಆದರೆ ಎ.ಎಂ. ಪರವಾನಗಿ ಹೋದರೆ ಅದನ್ನು ಅವಲಂಬಿಸಿದ ಟ್ರಾನ್ಸ್‌ಲೇಟರ್‌ಗೂ ಆಧಾರವಿಲ್ಲ.

ಇನ್ನೊಂದೆಡೆ ವಿದ್ಯುತ್ ಕಾರುಗಳ ಮೋಟಾರಿನ ಅಡಚಣೆಯ ಕಾರಣ ಕೆಲವು ತಯಾರಕರು ಎ.ಎಂ. ರೇಡಿಯೋವನ್ನೇ ಕೈಬಿಟ್ಟರು. ಫೋರ್ಡ್ ಕಂಪನಿ 2023ರಲ್ಲಿ ಅಂಥ ನಿರ್ಧಾರ ಪ್ರಕಟಿಸಿ, ವಿರೋಧ ಬಂದೊಡನೆ ಅದೇ ವರ್ಷದ ಮೇ ತಿಂಗಳಲ್ಲಿ ಹಿಂದೆ ಸರಿಯಿತು. ಎಲ್ಲ ಕಾರುಗಳಲ್ಲೂ ಎ.ಎಂ. ಕಡ್ಡಾಯಗೊಳಿಸುವ ಮಸೂದೆಯೂ ಅದೇ ವರ್ಷ ಮಂಡನೆಯಾಯಿತು. 2010ರಲ್ಲಿ ಸುಮಾರು 4,800ರಷ್ಟಿದ್ದ ಪರವಾನಗಿ ಪಡೆದ ಎ.ಎಂ. ಕೇಂದ್ರಗಳು 2024ರ ಹೊತ್ತಿಗೆ 4,400ರ ಆಸುಪಾಸಿಗೆ ಇಳಿದಿವೆ.

ನಮ್ಮ ನೆಲದ ನೆನಪುಗಳು

ಫಾರ್ಮ್ಯಾಟ್ ತಪ್ಪಿದರೆ ಕೇಳುಗ ಎಲ್ಲಿಗೆ ಹೋಗುತ್ತಾನೆ ಎಂಬುದನ್ನು ಭಾರತವೂ ಕಂಡಿದೆ. 1952ರಲ್ಲಿ ಸಚಿವ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ ಆಕಾಶವಾಣಿ ಚಿತ್ರಗೀತೆಗಳಿಗೆ ಕಡಿವಾಣ ಹಾಕಿತು. ಕೇಳುಗರು ರೇಡಿಯೋ ಸಿಲೋನ್ ಕಡೆಗೆ ತಿರುಗಿದರು. ಅವರನ್ನು ಮರಳಿ ಕರೆತರಲು 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಆರಂಭಿಸಬೇಕಾಯಿತು.

ಸ್ಥಳೀಯ ಪ್ರಯತ್ನದ ದೃಷ್ಟಿಯಿಂದ ಮೈಸೂರಿನ ಹೆಸರು ಮೊದಲು ಬರುತ್ತದೆ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಲ್ಲೇ ಆರಂಭಿಸಿದ ಪುಟ್ಟ ಕೇಂದ್ರದ 'ಆಕಾಶವಾಣಿ' ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು.

2001ರ ಜುಲೈನಲ್ಲಿ ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರ ಆರಂಭವಾದಾಗ ನಗರದ ಖಾಸಗಿ ಪ್ರಸಾರ ಹಿಂದಿ, ಇಂಗ್ಲಿಷ್ ಹಾಡುಗಳತ್ತ ವಾಲಿತ್ತು. ಕನ್ನಡ ಹಾಡಿಗೆ ದೊಡ್ಡ ಕೇಳುಗ ವರ್ಗ ಕಾದಿದೆ ಎಂಬುದು ಅರಿವಾದಂತೆ ಒಂದೊಂದಾಗಿ ಹಲವು ಕೇಂದ್ರಗಳು ಕನ್ನಡಕ್ಕೆ ತಿರುಗಿದವು. ಮೆಂಫಿಸ್‌ನ ಪಾಠವನ್ನು ಬೆಂಗಳೂರು ತನ್ನದೇ ರೀತಿಯಲ್ಲಿ ಕಲಿಯಿತು. ಆದರೆ ಎ.ಎಂ. ಕೇಂದ್ರಗಳನ್ನು ಅಮೆರಿಕದಲ್ಲಿ ಉಳಿಸಿದ ಸ್ಥಳೀಯ ಸುದ್ದಿಯ ದಾರಿ ನಮ್ಮ ಖಾಸಗಿ ಬಾನುಲಿಗೆ ತೆರೆದಿಲ್ಲ. ಆಕಾಶವಾಣಿಯ ವಾರ್ತೆಯನ್ನು ಮರುಪ್ರಸಾರ ಮಾಡಬಹುದೇ ಹೊರತು ಸ್ವಂತ ಸುದ್ದಿ ಬಿತ್ತರಿಸುವಂತಿಲ್ಲ. ಎಲ್ಲ ಕೇಂದ್ರಗಳೂ ಒಂದೇ ಬಗೆಯ ಚಿತ್ರಗೀತೆಗಳನ್ನು ನುಡಿಸುತ್ತವೆ ಎಂದು ಬೇಸರಿಸುವ ಕೇಳುಗರು ಈ ನಿರ್ಬಂಧವನ್ನೂ ನೆನೆಯಬೇಕು.

ಆಯ್ಕೆಯ ಕ್ರಮ

ಒಟ್ಟಾರೆ, ಹೊಸ ಎ.ಎಂ. ಕೇಂದ್ರಕ್ಕೆ ಫಾರ್ಮ್ಯಾಟ್ ಆರಿಸುವವರು ಅನುಸರಿಸಬೇಕಾದ ಕ್ರಮವನ್ನು ಹೀಗೆ ಸಂಗ್ರಹಿಸಬಹುದು.

* ಹಗಲು ಮತ್ತು ರಾತ್ರಿಯ ನಿಜವಾದ ವ್ಯಾಪ್ತಿಯನ್ನು ಸ್ವತಃ ಕೇಳಿ ತಿಳಿಯಬೇಕು.
* ಆ ವ್ಯಾಪ್ತಿಯೊಳಗೆ ಇತರ ಕೇಂದ್ರಗಳು ಏನು ಕೊಡುತ್ತಿವೆ ಎಂಬ ಪಟ್ಟಿ ಮಾಡಿ, ಯಾರಿಗೆ ಏನೂ ಸಿಗುತ್ತಿಲ್ಲ ಎಂಬುದನ್ನು ಗುರುತಿಸಬೇಕು.
* ಪರವಾನಗಿ ಕೊಳ್ಳುವ ಮುನ್ನವೇ ಊರಿನ ಅಂಗಡಿ, ಸಂಘ-ಸಂಸ್ಥೆಗಳನ್ನು ಭೇಟಿಯಾಗಿ ಜಾಹೀರಾತು ಕೊಡುವಿರಾ ಎಂದು ವಿಚಾರಿಸಬೇಕು.
* ಆದಾಯ ಅಂದಾಜಿನ ಅರ್ಧದಷ್ಟೇ ಬಂದರೂ ಒಂದು ವರ್ಷ ನಡೆಸಬಲ್ಲೆವೇ ಎಂದು ಲೆಕ್ಕ ಹಾಕಬೇಕು.
* ಎಷ್ಟೇ ಅಗ್ಗದ ಫಾರ್ಮ್ಯಾಟ್ ಆದರೂ ತುರ್ತು ಸಮಯದಲ್ಲಿ ಮೈಕಿನ ಮುಂದೆ ಕೂರಲು ಊರಿನಲ್ಲೇ ಒಬ್ಬರಿರಬೇಕು.
* ಮಾಲೀಕನ ಸ್ವಂತ ಅಭಿರುಚಿಯ ಪ್ರಶ್ನೆ ಇವೆಲ್ಲ ಮುಗಿದ ನಂತರ ಬರಬೇಕು.

ಮೆಂಫಿಸ್‌ನ ಮಾಲೀಕರಿಬ್ಬರೂ ತಾವು ಕೇಳಲು ಬಯಸುವ ಹಾಡುಗಳನ್ನು ಹುಡುಕಿ ಹೊರಟವರಲ್ಲ. ತಮ್ಮ ದುರ್ಬಲ ತರಂಗ ತಲುಪುವಷ್ಟು ದೂರದಲ್ಲೇ, ಯಾರೂ ಮಾತನಾಡಿಸದ ಒಂದು ಊರು ಇದೆ ಎಂಬುದನ್ನು ಅವರು ತಡವಾಗಿಯಾದರೂ ಕಂಡುಕೊಂಡರು. ಇಂದು ಎ.ಎಂ. ಕೇಂದ್ರವೊಂದನ್ನು ಕೊಳ್ಳಲು ಹೊರಟವರು ಮೊದಲು ಹುಡುಕಬೇಕಾದದ್ದೂ ಅಂಥ ಕೇಳುಗರನ್ನೇ.